ಬೇವವ್ವನ ಕೆಳಗಿನ ಹೆಸರು

ಮೊದಲೇ ಹೇಳಿಬಿಡುತ್ತೇನೆ, ನಾನು ಕಳ್ಳಿಯಲ್ಲ. ಆದರೆ ಆ ಹದಿನೈದು ದಿನ ನನ್ನ ನಡತೆ ಕಳ್ಳಿಯದಕ್ಕಿಂತ ಏನೂ ಬೇರೆ ಇರಲಿಲ್ಲ.

ಹೊಸಪೇಟೆಯಲ್ಲಿ ನನ್ನದು ಫ್ಲೆಕ್ಸ್ ಡಿಸೈನ್ ಮಾಡುವ ಕೆಲಸ. ಬಸ್ ಸ್ಟ್ಯಾಂಡಿನ ಸುತ್ತಮುತ್ತ ಕಾಣುವ ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯಲ್ಲೇ ಹುಟ್ಟಿದವು. ಅಣ್ಣನ ಮುಖ ದೊಡ್ಡದಾಗಿರಬೇಕು, ತಮ್ಮಂದಿರದು ಸಣ್ಣದಾಗಿರಬೇಕು, ಎಲ್ಲರೂ ಬೆಳ್ಳಗೆ ಕಾಣಬೇಕು. ಇದನ್ನೇ ಮಾಡಿ ಮಾಡಿ ತಲೆ ಚಿಟ್ಟು ಹಿಡಿದಾಗ ಮೊಬೈಲಿನಲ್ಲಿ 'ಗೀಚು ಬಳಗ' ತೆರೆದು ಕೂರುತ್ತೇನೆ. ಚಿತ್ರ ಬರೆಯುವ ಆರು ಜನರ ಗುಂಪು ಅದು. ನಾಲ್ಕು ವರ್ಷದಿಂದ ದಿನಾ ಹರಟುತ್ತೇವೆ, ಒಬ್ಬರನ್ನೊಬ್ಬರು ಕಣ್ಣಾರೆ ನೋಡಿಲ್ಲ. ಗುಂಪು ಕಟ್ಟಿದವಳು ಮೈಸೂರಿನ ಸ್ಫೂರ್ತಿ, ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹೆಚ್ಚು ಬಾಯಿ ಮಾಡುವವನು ದಾವಣಗೆರೆಯ ಮಾರುತೇಶ್. ಉಳಿದ ಮೂವರು ಮಾತು ಕಮ್ಮಿ, ಹೃದಯದ ಗುರುತು ಒತ್ತುವುದರಲ್ಲಿ ಧಾರಾಳ.

ಜೂನ್ ತಿಂಗಳಲ್ಲಿ ಸ್ಫೂರ್ತಿ ಒಂದು ಆಟ ಹೂಡಿದಳು. "ಎಲ್ಲರೂ ಚಿಕ್ಕವರಿದ್ದಾಗ ಬರೆದ ಚಿತ್ರ ಹಾಕಿ. ನಾಚಿಕೆ ಪಡೋ ಹಾಗಿಲ್ಲ."

ನನ್ನವು ಸಂಡೂರಿನಲ್ಲಿ, ಅವ್ವನ ಮನೆಯ ಟ್ರಂಕಿನಲ್ಲಿದ್ದವು. ಭಾನುವಾರ ಹೋಗಿ ತೆಗೆದೆ. ನಮ್ಮಪ್ಪ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತರಾಗಿದ್ದರು. ಎರಡೂ ಅಂಚಿನಲ್ಲಿ ಸಾಲುತೂತಿರುವ ಉದ್ದುದ್ದ ಕಂಪ್ಯೂಟರ್ ಹಾಳೆಗಳನ್ನು, ಕೆಲಸ ಮುಗಿದವನ್ನು, ಮನೆಗೆ ತರುತ್ತಿದ್ದರು. ಒಂದು ಮಗ್ಗುಲಲ್ಲಿ ಲಾರಿ ನಂಬರು, ಇನ್ನೊಂದು ಮಗ್ಗುಲಲ್ಲಿ ನಾವು ಬರೆದ ಮರಗಳು. ಕಟ್ಟು ಬಿಚ್ಚುತ್ತಲೇ ಮಡಿಲಿಗೆ ಕೆಂಪು ಧೂಳು ಉದುರಿತು. ನನಗೆ ಅಲ್ಲಿಯೇ ಕುಳಿತು ಅಳಬೇಕೆನಿಸಿತು, ಯಾಕೆ ಅಂತ ಕೇಳಿದರೆ ಹೇಳಲಾರೆ.

ಆಗ ನಾನು ಆರನೆಯ ಇಯತ್ತೆಯಲ್ಲಿದ್ದೆ. ಗಣಿಯ ಭರಾಟೆ ಏರಿದ್ದ ಕಾಲ. ಸಂಡೂರಿನ ರಸ್ತೆ ಬದಿಯಲ್ಲಿ ಹಸಿರು ಎಲೆ ಎಂಬುದೇ ಇರಲಿಲ್ಲ, ಎಲ್ಲ ಮರವೂ ಕೆಂಪು. ಅದಕ್ಕೆ ನಾವಿಬ್ಬರು ಗೆಳತಿಯರು ಒಂದು ಕಥೆ ಕಟ್ಟಿದ್ದೆವು. ಲಾರಿಗಳ ಓಡಾಟ ನಿಂತ ಮೇಲೆ ಮರಗಳೆಲ್ಲ ಬೇರು ಎತ್ತಿಕೊಂಡು ಹಂಪಿಯ ಹೊಳೆಗೆ ನಡೆದು ಹೋಗುತ್ತವೆ, ಮೈ ತೊಳೆದುಕೊಂಡು ಬೆಳಗಾಗುವುದರೊಳಗೆ ಬಂದು ನಿಲ್ಲುತ್ತವೆ. ಬೆಳಿಗ್ಗೆ ನೋಡಿದರೆ ಕೆಂಪಗೇ ಇರುತ್ತಿದ್ದವು. "ಇವತ್ತ ಜಳಕಕ್ಕ ಚಕ್ಕರ್ ಹೊಡದಾವ ನೋಡಲೇ" ಎನ್ನುತ್ತಿದ್ದಳು ಹುಸೇನಮ್ಮ.

ಹುಸೇನಮ್ಮ ನನ್ನ ಜೊತೆಗಾತಿ. ವೇಬ್ರಿಡ್ಜಿನ ಪಕ್ಕದ ಯಾರ್ಡಿನಲ್ಲಿ ಅವರವ್ವ ತಾಯಕ್ಕ ಅದಿರು ಆರಿಸುವ ಕೆಲಸ ಮಾಡುತ್ತಿದ್ದಳು. ಸ್ಕೂಲು ಬಿಟ್ಟ ಮೇಲೆ ನಾವಿಬ್ಬರೂ ಅಪ್ಪನ ಖೋಲಿಯ ಹಿಂದೆ ಕುಳಿತು ಬರೆಯುವುದು. ಕಡುಜಿಪುಣ ಹುಣಸೆ ಸಾಹುಕಾರ, ಮೈತುಂಬ ಮುಳ್ಳಿರುವ ಜಾಲಿ ಪೈಲ್ವಾನ, ಗಾಳಿ ಇರಲಿ ಬಿಡಲಿ ಪಟಪಟ ಬಾಯಿ ಬಡಿಯುವ ಅರಳಪ್ಪ. ಇವರೆಲ್ಲ ನನ್ನ ಮಕ್ಕಳು. ಹುಸೇನಮ್ಮ ಬರೆದದ್ದು ಒಂದೇ ಒಂದು, ಬೇವವ್ವ. ಬೇರುಗಳನ್ನು ಸೀರೆಯ ನೆರಿಗೆಯ ಹಾಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ ನಗುವ ಹೆಂಗಸು. ಮುಂದಿನ ಒಂದು ಹಲ್ಲು ಇಲ್ಲ. ಬಣ್ಣಕ್ಕೆ ಅವರೆ ಎಲೆಯ ರಸ, ಅರಿಶಿನ, ಮತ್ತೆ ನೆಲದಿಂದ ಬೆರಳಿಗೆ ಹತ್ತಿದ ಅದಿರಿನ ಪುಡಿ. ಆ ಒಂದು ಚಿತ್ರದ ಮುಂದೆ ನನ್ನ ಹತ್ತು ಚಿತ್ರ ಪೆಚ್ಚಾಗಿ ನಿಂತಿದ್ದವು. ಆಗಲೂ ಅದು ನನಗೆ ಗೊತ್ತಿತ್ತು.

ಹನ್ನೊಂದನ್ನೂ ಹೊಸಪೇಟೆಗೆ ತಂದು ಫೋಟೋ ಹೊಡೆದು ಬಳಗಕ್ಕೆ ಹಾಕಿದೆ. 'ನನ್ನ ಹಳೆಯ ಗ್ಯಾಂಗ್' ಅಂತ ಬರೆದೆ. ತಪ್ಪು ಆಗಿದ್ದು ಅಲ್ಲೇ. ಬೇಕೆಂದು ಬರೆದದ್ದಲ್ಲ, ಆದರೆ ಬೇಡವೆಂದು ತಿದ್ದಲೂ ಇಲ್ಲ.

ಮಾರುತೇಶ್ ಮೊದಲು ಬಂದ. "ಈ ಕೆಂಪು ಯಾವ ಕಂಪನೀದ್ರಿ?"

"ಸಂಡೂರು ಗಾಳಿ ಕಂಪನಿ" ಎಂದೆ. ಎಲ್ಲರೂ ನಕ್ಕರು. ಆಮೇಲೆ ಬೇವವ್ವನನ್ನು ನೋಡಿ ನಗು ನಿಂತಿತು. ಹೃದಯದ ಗುರುತಿನ ಮೂವರೂ ಬಾಯಿಬಿಟ್ಟು ಮಾತಾಡಿದರು. ಸ್ಫೂರ್ತಿಯಂತೂ, "ಚಂದ್ರಕಲಾ, ಹನ್ನೆರಡು ವರ್ಷದ ಹುಡುಗಿಗೆ ಈ ನಗು ಬರೆಯೋಕೆ ಹೇಗೆ ಬಂತು? ನನಗೆ ಇವತ್ತಿಗೂ ಬರಲ್ಲ" ಎಂದು ಬರೆದಳು. ನಾನು ಕೈಮುಗಿಯುವ ಗುರುತು ಒತ್ತಿ ಸುಮ್ಮನಾದೆ. ನಾಲ್ಕು ವರ್ಷದಲ್ಲಿ ನನ್ನ ಯಾವ ಚಿತ್ರಕ್ಕೂ ಯಾರೂ ಹೀಗೆ ಹೇಳಿರಲಿಲ್ಲ. ಹೊಗಳಿಕೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ವಾರದಲ್ಲಿ ಐವರೂ ತಮ್ಮ ತಮ್ಮ ಕೈಯಲ್ಲಿ ಬೇವವ್ವನನ್ನು ಬರೆದು ಹಾಕಿದರು. ಸ್ಫೂರ್ತಿ ಎಲ್ಲವನ್ನೂ ಸೇರಿಸಿ ಸಣ್ಣದೊಂದು ಪುಸ್ತಕ ಮಾಡುತ್ತೇನೆಂದಳು. ಮುಖಪುಟಕ್ಕೆ ಮೂಲ ಚಿತ್ರ, ಅದರ ಕೆಳಗೆ 'ಚಿತ್ರ: ಚಂದ್ರಕಲಾ, ಸಂಡೂರು'. ಮುಂದಿನ ಸೋಮವಾರ ಪ್ರೆಸ್ಸಿಗೆ. 'ಅದು ನನ್ನದಲ್ಲ' ಅಂತ ನಾಲ್ಕು ಸಲ ಬರೆದೆ, ನಾಲ್ಕು ಸಲ ಅಳಿಸಿದೆ. ಬಳಗದಲ್ಲಿ ನನ್ನ ಮುಖವನ್ನೇ ನೋಡದವರು ನನ್ನನ್ನು ನಂಬಿದ್ದರು. ಅವರ ಮುಂದೆ ಸಣ್ಣವಳಾಗುವುದು ನನಗೆ ಬೇಕಿರಲಿಲ್ಲ.

ಸಮರ್ಥನೆಗೆ ನನ್ನ ಬಳಿ ಒಂದು ಸಾಕ್ಷಿಯೂ ಇತ್ತು. ಚಿತ್ರದ ಕೆಳಗೆ ದುಂಡಗಿನ ಅಕ್ಷರದಲ್ಲಿ ನನ್ನದೇ ಹೆಸರಿತ್ತು. ಅದು ಅಲ್ಲಿಗೆ ಬಂದ ಬಗೆ ಹೇಳುತ್ತೇನೆ.

ಆ ವರ್ಷ ನಮ್ಮ ಓಣಿಯ ಕಟ್ಟೆಯ ಮೇಲೆ ಅರಳಿ ಮರಕ್ಕೂ ಬೇವಿನ ಮರಕ್ಕೂ ಮದುವೆ ಮಾಡಿದ್ದರು. ತಾಳಿ, ಅಕ್ಷತೆ, ಊಟ, ಎಲ್ಲ ಮನುಷ್ಯರ ಮದುವೆಯ ಹಾಗೆಯೇ. ಅದನ್ನು ನೋಡಿದ ನಾವು ಸುಮ್ಮನಿರುತ್ತೇವೆಯೇ? ನನ್ನ ಅರಳಪ್ಪನಿಗೂ ಅವಳ ಬೇವವ್ವನಿಗೂ ಲಗ್ನ ಮಾಡಿದೆವು. ಚುರುಮುರಿ, ಬೆಲ್ಲ ಹಂಚಿದೆವು. ಮದುವೆಯಾದ ಮೇಲೆ ಹೆಣ್ಣು ಗಂಡನ ಮನೆಗೆ ಬರಬೇಕಲ್ಲ? ಬೇವವ್ವ ನಮ್ಮನೆ ಟ್ರಂಕಿಗೆ ಬಂದಳು. ಹುಸೇನಮ್ಮ ನಿಜವಾಗಿ ಅತ್ತು ಕಳಿಸಿಕೊಟ್ಟಳು.

ಶ್ರಾವಣ ಬಂತು. ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣು ಪಂಚಮಿಗೆ ತವರಿಗೆ ಹೋಗಲೇಬೇಕು. ಹುಸೇನಮ್ಮ ಒಂದು ಶೇಂಗಾ ಉಂಡಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. "ಬೇವವ್ವನ್ನ ಕರಿಯಾಕ ಬಂದೀನಿ."

ಅಷ್ಟರಲ್ಲಿ ಸ್ಕೂಲಿನಲ್ಲಿ ಎಲ್ಲರೂ ಬೇವವ್ವನನ್ನೇ ಹೊಗಳಿ ನನ್ನ ಹೊಟ್ಟೆ ಉರಿದುಹೋಗಿತ್ತು. ಓಣಿಯ ಅತ್ತೆಯರ ಬಾಯಲ್ಲಿ ಕೇಳಿದ ಮಾತು ನನ್ನ ಬಾಯಿಗೆ ಬಂತು. "ನಮ್ಮ ಮನ್ಯಾಗ ಕಳಸೂ ಪದ್ಧತಿ ಇಲ್ಲ. ಈಗ ಅಕಿ ನಮ್ಮನಿಯಾಕಿ." ಅವಳ ಎದುರಿಗೇ ಪೆನ್ನು ತಗೊಂಡು ಚಿತ್ರದ ಕೆಳಗೆ ನನ್ನ ಹೆಸರು ಬರೆದೆ. ಗಂಡನ ಮನೆಯ ಹೆಸರು ಅದು, ಅಂದೆ. ಉಂಡಿ ಮಾತ್ರ ಇಸಿದುಕೊಂಡು ತಿಂದೆ.

ಮತ್ತೆರಡು ಸಲ ಬಂದಳು. ಮೂರನೆಯ ಸಲ ಆಟದ ಮಾತು ಬಿಟ್ಟು, "ಒಂದ ದಿನ ಕೊಡಲೇ ಚಂದ್ರಿ, ಬೇಕಾಗೇತಿ" ಎಂದಳು. ಕೊಡಲಿಲ್ಲ. ದೀಪಾವಳಿಯ ಹೊತ್ತಿಗೆ ತಾಯಕ್ಕ ಎದೆಯ ರೋಗದಿಂದ ತೀರಿಕೊಂಡಳೆಂದು ಕೇಳಿದೆ. ಮಾತಾಡಿಸಲು ಹೋಗಲಿಲ್ಲ. ಹೋಗಿ ಏನು ಹೇಳಬೇಕೋ ತಿಳಿಯಲಿಲ್ಲ. ನಾಳೆ, ನಾಳೆ ಎನ್ನುವುದರಲ್ಲಿ ಅವರ ಮನೆಗೆ ಬೀಗ ಬಿತ್ತು.

ಪುಸ್ತಕ ಪ್ರೆಸ್ಸಿಗೆ ಹೋಗುವ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಅವ್ವನಿಗೆ ಫೋನ್ ಹಚ್ಚಿದೆ. ನಮ್ಮವ್ವ ನೀಲಗಂಗಮ್ಮನಿಗೆ ಸಂಡೂರು ಬಿಟ್ಟುಹೋದವರ ವಿಳಾಸವೆಲ್ಲ ಬಾಯಿಪಾಠ.

"ಅವ್ವಾ, ಆ ಹುಸೇನಿ ಎಲ್ಲಿದಾಳಂತ ಏನರ ಗೊತ್ತೈತೇನು?"

"ಕಂಪ್ಲ್ಯಾಗ ಅದಾಳ. ಮಾರ್ಕೆಟ್ ಹಿಂದ ಬಟ್ಟಿ ಹೊಲಿತಾಳ. ಐದು ವರ್ಸ ಆತು ನಂಬರ್ ನನ್ನ ಫೋನಿನಾಗ ಐತಿ."

"ಮತ್ತ ನನಗ ಹೇಳಬಾರದಾ?"

"ನೀ ಯಾವತ್ತರ ಕೇಳೀಯೇನು?"

ಅವ್ವ ಫೋನ್ ಇಟ್ಟಳು. ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಒಂದು ತಾಸಿಗೆ ನಾನು ಹದಿನೆಂಟು ವರ್ಷ ತಗೊಂಡಿದ್ದೆ. ಫೋನ್ ಮಾಡಿ ಬರುತ್ತೇನೆಂದರೆ ಎಲ್ಲಿ ಬೇಡ ಅನ್ನುತ್ತಾಳೋ ಎಂದು ಹಾಗೆಯೇ ಹೊರಟೆ. ಚಿತ್ರವನ್ನು ರಟ್ಟಿನ ನಡುವೆ ಇಟ್ಟು ಎದೆಗೊತ್ತಿ ಹಿಡಿದಿದ್ದೆ. ಕಮಲಾಪುರ ದಾಟಿದ ಮೇಲೆ ಎರಡೂ ಬದಿ ಬಾಳೆ, ಕಬ್ಬು, ಆಮೇಲೆ ಬರೀ ಭತ್ತದ ಗದ್ದೆ. ಇಷ್ಟು ಹಸಿರಿನಲ್ಲಿ ಬದುಕುತ್ತಿದ್ದಾಳಲ್ಲ, ನನ್ನನ್ನು ಮರೆತಿರುತ್ತಾಳೆ ಎಂದುಕೊಂಡೆ. ಮರೆತಿದ್ದರೆ ಒಳ್ಳೆಯದು ಅನ್ನಿಸಿತು, ಮರೆತಿರಬಾರದು ಅಂತಲೂ ಅನ್ನಿಸಿತು.

ರಸ್ತೆಗೆ ತೆರೆದ ಒಂದೇ ಖೋಲಿಯ ಅಂಗಡಿ. ಹೊಲಿಗೆ ಯಂತ್ರದ ಹಿಂದಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಅವಳ ಕಾಲು ಪೆಡಲಿನ ಮೇಲೆ ನಿಂತಿತು.

"ಚಂದ್ರಿ ಅಲ್ಲೇನು? ಯವ್ವಾ, ಎಷ್ಟು ದಪ್ಪ ಆಗೀಯಲೇ! ಒಳಗ ಬಾ, ಕುಂದ್ರು."

ಕುಳಿತೆ. ಅವಳ ಮಗಳು ಸುಕನ್ಯಾ, ಎಂಟು ವರ್ಷದವಳು, ನೀರು ತಂದುಕೊಟ್ಟಳು. ಗಂಡ ರೈಸ್ ಮಿಲ್ಲಿನಲ್ಲಿದ್ದಾನೆ, ಬ್ಲೌಸಿನ ಕೆಲಸ ಕೈತುಂಬ ಇದೆ, ಚಿತ್ರ ಬರೆಯುವುದು ಬಿಟ್ಟು ಯಾವುದೋ ಕಾಲವಾಯಿತು ಎಂದೆಲ್ಲ ಹೇಳಿದಳು. ನಾನು ನಡುವೆ ಬಾಯಿ ಹಾಕಿ ಗಡಬಡಿಸಿ ಎಲ್ಲ ಒದರಿಬಿಟ್ಟೆ, ಬಳಗ, ಹೊಗಳಿಕೆ, ಪುಸ್ತಕ, ನನ್ನ ಹೆಸರು. "ನಿಂದು ಅಂತ ಹೇಳಲಿಲ್ಲ. ಈಗ ನೀ ಹ್ಯಾಂಗ ಅಂತಿ ಹಂಗ" ಎಂದು ರಟ್ಟು ಬಿಚ್ಚಿ ಯಂತ್ರದ ಮೇಲಿಟ್ಟೆ.

ಹುಸೇನಮ್ಮ ಮುಟ್ಟಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಪಂಚಮಿಗೆ ಯಾಕ ಮೂರು ಸಲ ಬಂದಿದ್ದೆ, ನಿನಗ ಗೊತ್ತೇನು?" ಎಂದಳು.

"ಇಲ್ಲ."

ಅವಳು ಅಂಗೈಯನ್ನು ಅಡ್ಡವಾಗಿ ಇಟ್ಟು ಬೇವವ್ವನ ಮೂಗು, ಬಾಯಿ ಮುಚ್ಚಿದಳು. ಕಣ್ಣು ಮಾತ್ರ ಉಳಿದವು. "ಈಗ ನೋಡು."

ನೋಡಿದೆ. ಧೂಳಿಗೆಂದು ಮುಖಕ್ಕೆ ಬಿಗಿದ ಬಟ್ಟೆಯ ಮೇಲೆ ಆ ಕಣ್ಣನ್ನು ನಾನು ದಿನಾ ನೋಡಿದ್ದೆ. ಯಾರ್ಡಿನ ಅದಿರಿನ ಗುಡ್ಡೆಯ ಮೇಲಿಂದ ನಮಗೆ ಕೈ ಬೀಸುತ್ತಿದ್ದವಳ ಕಣ್ಣು. ತಾಯಕ್ಕನ ಮುಖವನ್ನು ನಾನು ಅಷ್ಟು ಮಾತ್ರ ಕಂಡಿದ್ದೆ. ಉಳಿದರ್ಧ ಹದಿನೆಂಟು ವರ್ಷ ನಮ್ಮನೆ ಟ್ರಂಕಿನಲ್ಲಿತ್ತು.

"ಅವ್ವ ಆವಾಗ ಹಾಸಿಗಿ ಹಿಡದಿದ್ಳು" ಎಂದಳು ಹುಸೇನಮ್ಮ. "ತನ್ನ ಚಿತ್ರ ನೋಡ್ತೀನಿ, ತಗೊಂಡ ಬಾ ಅಂದಿದ್ಳು."

"ನನಗ ಹೇಳಬೇಕಿತ್ತಲೇ ಹುಸೇನಿ."

"ಹೇಳಿದ್ರ ನೀ ಕೊಡತಿದ್ದಿ. ಅದಕ್ಕ ಹೇಳಲಿಲ್ಲ. ಅವ್ವನ ಹೆಸರು ಹೇಳಿ ನಿನ್ನ ಮುಂದ ಬೇಡಬಾರದು ಅಂತ ನನಗೂ ಸಿಟ್ಟಿತ್ತು." ಅವಳು ಕೈ ತೆಗೆಯಲಿಲ್ಲ. "ಅವ್ವಂದು ಒಂದ ಫೋಟೋ ಇಲ್ಲ. ವೋಟರ್ ಕಾರ್ಡಿನ್ಯಾಗ ಯಾರದೋ ಮುಖ ಬಂದೈತಿ. ಕಣ್ಣ ಮುಚ್ಚಿದ್ರ ಬರೀ ಕೆಮ್ಮೂ ಮುಖ ಬರತೈತಿ ನನಗ."

ಆಮೇಲೆ ಕೈ ತೆಗೆದಳು. ಹಲ್ಲು ಬಿದ್ದ ಬಾಯಿ ತುಂಬ ತಾಯಕ್ಕ ನಗುತ್ತಿದ್ದಳು. ಸುಕನ್ಯಾ ಬಗ್ಗಿ ನೋಡಿ, "ಇಕಿ ತಲ್ಯಾಗ ಯಾಕ ತಪ್ಪಲ ಬೆಳದೈತಿ?" ಎಂದು ಕೇಳಿದಳು. "ನಿಮ್ಮ ಅಮ್ಮಮ್ಮ ಇಕಿ" ಎಂದಳು ಹುಸೇನಮ್ಮ. ನಾನಂತೂ ಮುಚ್ಚುಮರೆಯಿಲ್ಲದೆ ಅತ್ತೆ. ಬ್ಲೌಸ್ ಇಸಿದುಕೊಳ್ಳಲು ಬಂದ ಹೆಂಗಸೊಬ್ಬಳು ಬಾಗಿಲಿಂದಲೇ ಹಿಂದಿರುಗಿದಳು.

ಸ್ವಲ್ಪ ಹೊತ್ತಾದ ಮೇಲೆ ಮೊಬೈಲಿನಲ್ಲಿ ಬಳಗದವರು ಬರೆದ ಐದು ಬೇವವ್ವಂದಿರನ್ನು ತೋರಿಸಿದೆ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದಳು. "ಇದರಾಗ ಮೂಗು ತಪ್ಪೈತಿ. ಇದು ಯಾರದು, ಮಾರುತೇಶ್? ಇವ ಹಲ್ಲು ಪೂರಾ ತುಂಬ್ಯಾನ, ಅವ್ವ ಬೈತಿದ್ಳು." ಅವಳು ನಕ್ಕಾಗ ಆ ನಗು ಎಲ್ಲಿಂದ ಬಂದದ್ದೆಂದು ನೋಡುತ್ತ ಕುಳಿತೆ.

ಅವಳ ಎದುರಿಗೇ ಬಳಗಕ್ಕೆ ಬರೆದೆ. 'ಬೇವವ್ವ ನನ್ನ ಚಿತ್ರವಲ್ಲ. ಬರೆದವಳು ಹುಸೇನಮ್ಮ, ಕಂಪ್ಲಿ. ಅದು ಅವರವ್ವ ತಾಯಕ್ಕನ ಮುಖ. ಕೆಳಗಿರುವ ನನ್ನ ಹೆಸರು ಹೊಟ್ಟೆಕಿಚ್ಚಿಗೆ ಬರೆದದ್ದು. ಇಷ್ಟು ದಿನ ಸುಮ್ಮನಿದ್ದದ್ದೂ ನನ್ನದೇ ತಪ್ಪು.' ಓದಿ ಹೇಳಿದೆ. ಛೇ, ಅಷ್ಟೆಲ್ಲ ಯಾಕೆ ಅನ್ನುತ್ತಾಳೆಂದು ಕಾದೆ.

"ಹಂಗೇ ಇರಲಿ, ಕಳಸು" ಎಂದಳು.

ಕಳಿಸಿದೆ. ಹಾಳೆಯನ್ನು ಅವಳ ಕಡೆಗೆ ಸರಿಸಿದೆ. "ಇದು ಇನ್ನ ನಿನ್ನ ಹತ್ರ ಇರಲಿ. ಪುಸ್ತಕದಾಗ ಹಾಕೋದು ಬ್ಯಾಡ ಅಂತ ಸ್ಫೂರ್ತಿಗೆ ಹೇಳಿಬಿಡ್ತೀನಿ. ಮನಿ ಹೆಣ್ಮಗಳ ಮುಖ, ಯಾರ್ಯಾರೋ ನೋಡೋದು..."

"ಯಾಕ ಬ್ಯಾಡ?" ಹುಸೇನಮ್ಮ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಹದಿನಾಕು ವರ್ಸ ಆ ಯಾರ್ಡಿನಾಗ ದುಡದಳು. ಸಂಡೂರಾಗ ಒಬ್ರೂ ಅಕಿ ಮುಖ ಪೂರಾ ನೋಡಿಲ್ಲ. ಹಾಕು. ನೋಡ್ಲಿ."

ಮುಖಪುಟದ ಹೆಸರು ತಿದ್ದಿಸಲು ನಾನು ಸ್ಫೂರ್ತಿಗೆ ಫೋನ್ ಹಚ್ಚಿದೆ.