ಲಗಮವ್ವನ ಖೋಲಿ

ಶವದ ಫ್ರೀಜರ್ ಪೆಟ್ಟಿಗೆಗೆ ಪ್ಲಗ್ಗು ಬೇಕೆಂದು ಲಕ್ಷ್ಮಣ ಗೋಡೆಯಲ್ಲಿದ್ದ ಇನ್ನೊಂದು ವೈರನ್ನು ಕಿತ್ತ. ಪೆಟ್ಟಿಗೆಯಲ್ಲಿದ್ದವನು ಅವನ ಅಣ್ಣ ಭೀಮಶಿ. ನೆಂಟರು ಬರುವ ಮನೋಳಿಯ ಬಸ್ಸು ಬೈಲಹೊಂಗಲ ಮುಟ್ಟುವವರೆಗೆ ಮಣ್ಣು ಮಾಡಲು ಕಾಯಬೇಕಿತ್ತು. ಕಪಾಟಿನ ಮೇಲೆ ಗುಂಯ್‌ಗುಡುತ್ತಿದ್ದ ಹಳೆಯ ಕಂಪ್ಯೂಟರು ಸುಮ್ಮನಾಯಿತು.

ಪಕ್ಕದ ಮನೆಯ ಲಗಮವ್ವ ದಿನಾ ಮೊಬೈಲಿನಲ್ಲಿ ತೀರಿಹೋದ ಗಂಡ ಜಟ್ಟೆಪ್ಪನ ರೆಕಾರ್ಡಾದ ಮಾತು ಕೇಳುತ್ತಿದ್ದಳು. ಅದು ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ದುಃಖ ತಡೆಯದೆ ಇವತ್ತೂ ಒತ್ತಿದಳು, ಬರಲಿಲ್ಲ.

"ಪ್ರಜ್ಞಾ, ನಮ್ಮನಿಯವರ ದನಿ ಬರವಲ್ದ ನೋಡವಾ."

ಭೀಮಶಿಯ ಮಗಳು ಪ್ರಜ್ಞಾ ನೆಲದ ಮೇಲಿನ ವೈರು ನೋಡಿ ಹೌಹಾರಿದಳು. "ಕಾಕಾ, ಅದು ಸರ್ವರಿಂದು! ಓಣಿ ಮಂದೀದೆಲ್ಲಾ ಅದರಾಗ ಐತಿ!"

"ನನಗೇನ ಗೊತ್ತವಾ? ಅಣ್ಣ ತಣ್ಣಗಿರಲಿ ಅಂದೆ."

ಬೇರೆ ಪ್ಲಗ್ಗು ಹುಡುಕಿ ಕಂಪ್ಯೂಟರ್ ಹಚ್ಚಿದರು. ಲಗಮವ್ವನ ಮೊಬೈಲಿನಲ್ಲಿ ಜಟ್ಟೆಪ್ಪನ ಬದಲು ಒಂದು ಸಾಲು ಬಂತು: 'ದಾರಿ ತಪ್ಪಿ ಬಂದೀರಿ. ನನಗೊಂದು ಫೋನ್ ಹಚ್ಚರಿ. ಭೀಮಶಿ.' ಲಕ್ಷ್ಮಣ ತನ್ನ ಮೊಬೈಲಿನಲ್ಲಿ ಅಣ್ಣ ಮಾಡಿಕೊಟ್ಟಿದ್ದ ತನ್ನ ಹೆಸರಿನ ವಿಳಾಸ ತೆರೆದರೆ ಅಲ್ಲೂ ಅದೇ.

"ಈಗ ಯಾರಿಗೆ ಹಚ್ಚೋದು?" ಲಗಮವ್ವ ಪೆಟ್ಟಿಗೆಯ ಕಡೆ ನೋಡಿದಳು. "ನನ್ನ ಗಂಡ ಎರಡನೇ ಸಲ ಹೋದನೇನವಾ?"

\*

ಟೆಲಿಫೋನ್ ಕೆಲಸದಿಂದ ನಿವೃತ್ತನಾದ ಮೇಲೆ ಭೀಮಶಿಗೆ ಓಣಿಯವರ ಮಾತು ಹಿಡಿದು ಈ ಕಂಪ್ಯೂಟರಿನಲ್ಲಿ ಕೂಡಿಡುವುದೇ ಹುಚ್ಚು.

"ಒಬ್ಬೊಬ್ಬರಿಗೆ ಒಂದೊಂದು ಖೋಲಿ ಕೊಟ್ಟೇನಿ," ಎಂದಿದ್ದ ಮಗಳಿಗೆ. "ಖೋಲಿಗೊಂದು ಅವರ ಹೆಸರಿನ ಬಾಗಲ. ಕರೆಂಟ್ ಹೋಗಿ ಬಂದ್ರ ಕಂಪ್ಯೂಟರಿಗೆ ಬಾಗಲದ ಪಟ್ಟಿ ನಾನ ಓದಸಬೇಕು. ಇಲ್ಲಾಂದ್ರ ಎಲ್ಲಾರೂ ಮೊದಲನೇ ಖೋಲಿಗೆ ಬಂದ ಬೀಳತಾರ. ಅದು ನಂದು."

"ತಾನ ಓದೂಹಂಗ ಮಾಡಪಾ."

"ಮಾಡತೇನಿ, ನಾಳೆ."

\*

ಪ್ರಜ್ಞಾ ಕಂಪ್ಯೂಟರಿನಲ್ಲಿ ಹುಡುಕಿದಳು. ಖೋಲಿಗಳೆಲ್ಲ ಹಾಗೇ ಇದ್ದವು. ಪಟ್ಟಿಯೂ ಸಿಕ್ಕಿತು, ನಲವತ್ತೆರಡು ಹೆಸರು. ಅದನ್ನು ಓದಿಸಿದಳು. ಮುಂದೆ ತಾನೇ ಓದಿಕೊಳ್ಳುವಂತೆ ಇನ್ನೊಂದು ಸಾಲನ್ನೂ ಬರೆದಳು.

"ಈಗ ಒತ್ತ ಆಯಿ."

ಮೊದಲು ಜಟ್ಟೆಪ್ಪನ ಕೆಮ್ಮು ಬಂತು, ಆಮೇಲೆ ಚಹಾಕ್ಕೆ ಸಕ್ಕರೆ ಸಾಲದೆಂಬ ತಕರಾರು. "ಬಂದ್ರು, ಬಂದ್ರು!" ಎಂದು ಲಗಮವ್ವ ಅಳುತ್ತಲೇ ನಕ್ಕಳು. ಲಕ್ಷ್ಮಣ ಗೋಡೆಗೊರಗಿ ಉಸಿರು ಬಿಟ್ಟ. ಸಾವಿನ ಮನೆ ಎನ್ನುವುದನ್ನೂ ಮರೆತು ಎಲ್ಲರಿಗೂ ಜೀವ ಬಂದಂತಾಯಿತು.

ಯಾರೂ ಅದನ್ನು ನಿಲ್ಲಿಸಲಿಲ್ಲ. ಕೊನೆಗೆ ಜಟ್ಟೆಪ್ಪ, "ಸಾಕೇನಪಾ?" ಎಂದ.

ಉತ್ತರ ಅದೇ ರೆಕಾರ್ಡಿನಲ್ಲಿ ಮೈಕಿನ ಹತ್ತಿರದಿಂದ ಬಂತು, ಭೀಮಶಿಯ ದನಿಯಲ್ಲಿ: "ಇನ್ನೊಂದೀಟು ಮಾತಾಡ್ರಿ ಕಾಕಾ. ಜಾಗಾ ಭಾಳ ಐತಿ."

ಲಗಮವ್ವ ಮೊಬೈಲನ್ನು ಪ್ರಜ್ಞಾಳ ಕಿವಿಗೆ ಹಿಡಿದಳು.