ದಾರದ ಈಚೆ

ಒಗೆದ ಸೀರೆಯ ಅರ್ಧವನ್ನು ಹಗ್ಗದ ಮೇಲೆ ಹರವಿ, ಉಳಿದರ್ಧ ಹಿಂಡುತ್ತಿದ್ದೆ. "ದೊಡ್ಡಪಾಲಯ್ಯಣ್ಣ ಐದಾನೇನಕ್ಕಾ?" ಎಂದು ಬೇಲಿಯಾಚೆಯಿಂದ ಯಾರೋ ಕೂಗಿದರು. ಬೆಚ್ಚಿಬಿದ್ದು ನೀರೆಲ್ಲ ಕಾಲ ಮೇಲೆ ಸುರಿದುಕೊಂಡೆ. ನೋಡಿದರೆ ಚಳ್ಳಕೆರೆ ತಪಾಲು ಕಚೇರಿಯ ಜವಾನ ಹುಲಿಯಪ್ಪ.

"ಇವತ್ತು ದಿಲ್ಲಿಯಾಗೆ ಚಕ್ರವರ್ತಿಗಳ ದರ್ಬಾರು. ನಮ್ಮ ಇಸ್ಕೂಲಿನ ಬಯಲಾಗೂ ಓಟದ ಪಂದ್ಯ ಇಟ್ಟೈದಾರೆ. ತಪಾಲು ಹೊತ್ತು ಓಡೋರೆಲ್ಲ ಬರಬೇಕಂತೆ. ಗೆದ್ದೋನಿಗೆ ಅವನ ಊರ ಕಡೆ ಸರದಿ ಕೊಡ್ತೀನಿ ಅಂತ ಸಾಹೇಬರು ಬಾಯಿಬಿಟ್ಟು ಹೇಳೈದಾರೆ."

ಊರ ಕಡೆ ಸರದಿ! ನಮ್ಮ ಯಜಮಾನರು ಬಿ.ಜಿ. ಕೆರೆಯಿಂದ ಮೊಳಕಾಲ್ಮೂರಿಗೆ ತಪಾಲು ಚೀಲ ಹೊತ್ತು ಓಡುವವರು. ನನ್ನಿವಾಳದ ಈ ಮನೆಗೆ ಬರುವುದು ಎಂಟು ದಿನಕ್ಕೊಮ್ಮೆ. ನಮ್ಮ ಸೂರಮ್ಮನಿಗೆ ಏಳು ವರ್ಷವಾಯಿತು, ಅಪ್ಪ ಇನ್ನೂ ಬಂದುಹೋಗುವ ನೆಂಟ. ಈ ಸರದಿ ಸಿಕ್ಕರೆ ದಿನವೂ ಮಗಳ ಪಕ್ಕ ಕೂತು ಉಣ್ಣಬಹುದು.

ಅಷ್ಟರಲ್ಲಿ ಇವರು ಒಳಗಿಂದ ಬಂದರು. ಹುಲಿಯಪ್ಪನಿಗೂ ಇವರಿಗೂ ನಡುವೆ ಇದ್ದದ್ದು ನನ್ನ ಬಟ್ಟೆ ಹಗ್ಗ ಒಂದೇ. ತಲೆ ಒಂದಿಷ್ಟು ತಗ್ಗಿಸಿದ್ದರೆ ಮುಗಿಯುತ್ತಿತ್ತು. ಇವರು ಹಿಂದೆ ತಿರುಗಿ, ಕೊಟ್ಟಿಗೆ ಸುತ್ತಿ, ತಿಪ್ಪೆ ಬಳಸಿ ಬೇಲಿಗೆ ಬಂದರು.

"ಅಡ್ಡ ಇರೋದು ಸೀರೆ ಕಣಣ್ಣೋ, ಕರಡಿ ಅಲ್ಲ," ಎಂದು ಹುಲಿಯಪ್ಪ ನಕ್ಕ.

ನಾನು ಸೀರೆಯ ಉಳಿದರ್ಧ ಹಿಂಡಿ ಹರವಿದೆ. ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು.

ಪ್ಲೇಗಿನ ವರ್ಷ ಸೂರಮ್ಮ ಇನ್ನೂ ನನ್ನ ಹೊಟ್ಟೆಯಲ್ಲಿದ್ದಳು. ಹಿರಿಯವಳು ಲಕ್ಷ್ಮಕ್ಕ, ಐದು ವರ್ಷದವಳು, ಬಿ.ಜಿ. ಕೆರೆಯ ನನ್ನ ತವರಿನಲ್ಲಿದ್ದಳು. ಊರೊಳಗೆ ಯಾರೂ ಕಾಲಿಡಬಾರದೆಂದು ದಾರಿಗೆ ಅಡ್ಡ ಹಗ್ಗ ಕಟ್ಟಿದರು. ಇವರು ಊರಿನ ಚೀಲವನ್ನು ಹಗ್ಗದ ಈಚೆ ಇಟ್ಟು ಸರಿದುಬಿಡಬೇಕು. ಕೂಸು ದಿನಾ ಹಗ್ಗದ ಆಚೆ ನಿಂತು ಅಪ್ಪನನ್ನು ಕೂಗುತ್ತಿತ್ತಂತೆ. ಐದನೆಯ ದಿನ ಬರಲಿಲ್ಲ. ಆ ಹೆಸರನ್ನು ಮನೆಯಲ್ಲಿ ಎತ್ತಬೇಡವೆಂದು ಇವರು ನನಗೆ ಕೈಮುಗಿದರು. ನಾನು ಎತ್ತಲಿಲ್ಲ. ತನಗೊಬ್ಬಳು ಅಕ್ಕ ಇದ್ದಳೆಂಬುದು ಸೂರಮ್ಮನಿಗೆ ತಿಳಿಯದು. ಬಟ್ಟೆ ಹಗ್ಗವನ್ನು ಎಲ್ಲಿ ಕಟ್ಟಿದರೆ ಇವರ ದಾರಿಗೆ ಅಡ್ಡ ಬಾರದು ಎಂಬ ಚಿಂತೆ ಮಾತ್ರ ಏಳು ವರ್ಷದಿಂದ ನನ್ನದು.

ಬಯಲಿನಲ್ಲಿ ಜನವೋ ಜನ. ದಿನಾ ತಪಾಲಿನ ದಾರಿಯಲ್ಲಿ ಹಿಡಿದು ಓಡುವ ಗೆಜ್ಜೆಕೋಲು ಕೈಯಲ್ಲಿದ್ದರೇ ಓಡುವೆನೆಂದು ಇವರು ಹಟ ಹಿಡಿದರು. ಮೇಷ್ಟರು ಅದನ್ನು ಕಿತ್ತಿಟ್ಟರು. ಪಕ್ಕದಲ್ಲಿ ಕೂತಿದ್ದ ಮುದ್ದಕ್ಕಜ್ಜಿಗೆ ಈ ಆಟವೇ ಅರ್ಥವಾಗಲಿಲ್ಲ. "ಹೆಗಲ ಮೇಲೆ ಹೊರೆ ಇಲ್ಲ, ಹಿಂದೆ ತೋಳ ಇಲ್ಲ. ಯಾತಕ್ಕೆ ಓಡ್ತಾರವ್ವ ಇವರು?"

"ಸರದಿಗೆ ಅಜ್ಜಿ," ಅಂದೆ.

ಓಟ ಶುರುವಾಯಿತು. ಅರ್ಧ ಬಯಲು ದಾಟುವ ಹೊತ್ತಿಗೆ ಇವರ ಹಿಂದೆ ಬರಿಯ ಧೂಳು, ಧೂಳಿನ ಹಿಂದೆ ಉಳಿದವರು. ಸೂರಮ್ಮ ನನ್ನ ಕೈ ಬಿಡಿಸಿಕೊಂಡು ಓಟ ಮುಗಿಯುವ ಕಡೆಗೆ ಓಡಿದಳು. ಅಲ್ಲಿ ಇಬ್ಬರು ಮೇಷ್ಟರು ಎರಡು ಗೂಟಗಳ ನಡುವೆ ಏನನ್ನೋ ಬಿಗಿಯುತ್ತಿದ್ದುದು ಕಂಡಿತು. ಬಿಳಿಯ ದಾರ! ಅದನ್ನು ಎದೆಯಿಂದ ಕಡಿದವನೇ ಗೆದ್ದ ಹಾಗಂತೆ.

ಮಾನ ಮರ್ಯಾದೆ ಬಿಟ್ಟು ಎದ್ದು ನಿಂತು ಕೂಗಿದೆ: "ನುಗ್ಗಿ! ಸೂರಮ್ಮನಪ್ಪಾ, ನುಗ್ಗಿ!"

ದಾರ ಇನ್ನೊಂದು ಗೇಣಿದೆ ಅನ್ನುವಾಗ ಇವರು ನಿಂತರು. ಬಳಸಿ ಹೋಗಲು ದಾರಿ ಇದೆಯೋ ಎಂದು ಆ ಕಡೆ ಈ ಕಡೆ ನೋಡಿದರು. ತುಟಿ ಅಲುಗಿತು. ಏನಂದರೋ, ಗೂಟದ ಬಳಿ ನಿಂತಿದ್ದ ಸೂರಮ್ಮನಿಗೆ ಮಾತ್ರ ಕೇಳಿಸಿರಬೇಕು. ಅಷ್ಟರಲ್ಲಿ ಬೊಮ್ಮಲಿಂಗಪ್ಪ ಎಂಬುವನು ಏದುಸಿರು ಬಿಡುತ್ತ ನುಗ್ಗಿ, ದಾರವನ್ನು ಎದೆಗೆ ಅಂಟಿಸಿಕೊಂಡು ಹೋದ.

"ಪಳಗಿದ ಎತ್ತು ಕೂಡ ಹಿಂಗೆ ನಿಲ್ಲಲ್ಲ ಬಿಡ್ರಲೇ!" ಎಂದು ಯಾರೋ ಕಿರುಚಿದರು. ಬಯಲೆಲ್ಲ ನಗು. ಸಾಹೇಬರು ಮುಖ ತಿರುಗಿಸಿದರು.

ದಾರಿಯುದ್ದಕ್ಕೂ ನಾನು ಬಾಯಿ ಮುಚ್ಚಲಿಲ್ಲ. "ಹೂ ಕಟ್ಟೋ ದಾರ ಅದು! ಒಂದು ಹೆಜ್ಜೆ! ನಾಳೆ ಮತ್ತೆ ಬಿ.ಜಿ. ಕೆರೆ, ಮತ್ತೆ ಎಂಟು ದಿನ!" ಇವರು ಮುಂದೆ ಮುಂದೆ ಬಿರಬಿರನೆ ನಡೆದರು. ನಡುನಡುವೆ ಸೂರಮ್ಮ ನನ್ನ ಸೆರಗು ಜಗ್ಗುತ್ತಿದ್ದಳು. "ಅವ್ವಾ, ಅಪ್ಪ ಅಲ್ಲಿ..."

"ಮುಳ್ಳು ನೋಡ್ಕೊಂಡು ನಡಿ."

"ಅಲ್ಲವ್ವಾ..."

"ಆಮೇಲೆ ಅಂದೆನಲ್ಲ!"

ಅಂಗಳದಲ್ಲಿ ಸೀರೆ ಒಣಗಿ ಗರಿಗರಿಯಾಗಿತ್ತು. ಇವರು ಹಗ್ಗದವರೆಗೆ ಬಂದು, ಎಂದಿನಂತೆ ಕೊಟ್ಟಿಗೆಯ ಕಡೆ ತಿರುಗಿದರು. ಸೂರಮ್ಮ ಸೀರೆಯ ಕೆಳಗೆ ನುಸುಳಿ ಆಚೆ ನಿಂತಳು. ಸೀರೆಯನ್ನು ಒಂದು ಕಡೆಗೆ ಸರಿಸಿ, ಹಗ್ಗದ ಮೇಲಿಂದ ಇವರತ್ತ ಕೈ ಚಾಚಿದಳು. ಗದರಿಸಲು ಬಾಯಿ ತೆರೆದೆ.

"ಅಪ್ಪಾ," ಅಂದಳು, "ಲಕ್ಷ್ಮಕ್ಕ ಅಂದ್ರೆ ಯಾರು?"