ಬೆಚ್ಚಗಿನ ದೀಪ

ಬೆಟಗೇರಿಯ ಹತ್ತಿ ಮಿಲ್ಲಿಗೆ ೧೯೮೪ರಲ್ಲಿ ಹೊಸ ಟೆಲಿಫೋನ್ ಬೋರ್ಡು ಕೂಡಿಸಿದವನು ನಾನೇ. ಕರೆ ಬಂದಾಗಲೆಲ್ಲ ಹಳೆಯದು ಮಾಡುತ್ತಿದ್ದ ಟಕಟಕ ಸದ್ದು ತೆಗೆದುಹಾಕಿದೆನೆಂದು ಬೀಗುತ್ತಿದ್ದೆ. ಆಪರೇಟರ್ ದೇವೇಂದ್ರಪ್ಪನವರಿಗೆ ಹುಟ್ಟಿನಿಂದಲೇ ಕಣ್ಣಿಲ್ಲವೆಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಫೋನ್ ಬಂದ್ರ ಸಪ್ಪಳ ಆಗೂದಿಲ್ಲೇನ್ರಿ?" ಎಂದರು.

"ಇಲ್ಲರೀ, ದೀಪ ಹತ್ತತೈತಿ," ಎಂದೆ.

ಅವರು ದಿನಾ ಕೆಲಸಕ್ಕೆ ಮೊದಲು ಮಾಡುವಂತೆ, ಬೋರ್ಡು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಕೈ ಚಾಚಿದರು. ದೀಪಗಳ ಸಾಲಿನ ಮೇಲೆ ಸರಿದ ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಯಾರೋ ಕರಿಯಾಕತ್ತಾರಲ್ರೀ. ಬೆಚ್ಚಗೈತಿ."

ಆ ದೀಪದ ಕೆಳಗಿನ ತೂತಿಗೆ ತಂತಿ ಸಿಕ್ಕಿಸಿದರು. ಮಾಲೀಕರ ದನಿ ಬಂತು.

ದೀಪಗಳ ಮೇಲೆ ಮುಚ್ಚಬೇಕಿದ್ದ ಗಾಜು ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡೆ.